ಮೇಡಂ ದನಿಯಲ್ಲಿ ನಾನಾಡಿದ ಮಾತು

ಮೂವತ್ನಾಲ್ಕನೇ ವಯಸ್ಸಿಗೆ ನಿವೃತ್ತನಾದೆ ಎಂದು ಬರೆಯಲು ಕೂತವನನ್ನು ನೋಡಿ ನಗು ಬಂದರೆ ನಕ್ಕುಬಿಡಿ. ಜಹೀರಾಬಾದಿನ ನಮ್ಮ ಓಣಿಯವರೆಲ್ಲ ಆಗಲೇ ನಕ್ಕು ಮುಗಿಸಿದ್ದಾರೆ. ಆಫೀಸಿನವರು ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೈಗಿಟ್ಟು ಕಳಿಸಿದ ದಿನ ಅಪ್ಪ ಬಾಗಿಲಲ್ಲೇ ತಡೆದು, "ಬಾರಪ್ಪಾ ಮುತ್ಯಾ, ಕೋಲು ಎಲ್ಲಿ ಬಿಟ್ಟು ಬಂದಿ?" ಎಂದು ಕೇಳಿದರು. ಅಪ್ಪನ ದನಿಯಲ್ಲೇ ಉತ್ತರ ಕೊಡುವ ಚಟ ನನಗೆ ಚಿಕ್ಕಂದಿನಿಂದ ಇದೆ. ಅವತ್ತು ಕೊಡಲಿಲ್ಲ. ಸುಸ್ತಾಗಿತ್ತು.

ನನ್ನ ಜಾಗಕ್ಕೆ ಇಬ್ಬರು ಹೊಸಬರು ಬಂದಿದ್ದಾರೆ. ಕೆಲಸ ಹೇಗಿರುತ್ತದೆ ಎಂದು ಕೇಳಿದರು. ಬಸ್ಸಿನಲ್ಲಿ ಕೂರುವ ಕೆಲಸ ಎಂದೆ. ಅರ್ಧ ನಿಜ. ಉಳಿದರ್ಧ ಇಲ್ಲಿ ಬರೆಯುತ್ತೇನೆ.

ಕಾಗದದ ಮೇಲೆ ನನ್ನ ಹುದ್ದೆಗೆ ಕ್ಷೇತ್ರ ಸಂಯೋಜಕ ಎಂದು ಹೆಸರು. ಹೈದರಾಬಾದಿನ ಒಂದು ಆಸ್ಪತ್ರೆಯಲ್ಲಿ ಮಕ್ಕಳ ಮೆದುಳಿನ ಗಡ್ಡೆಗೆ ಜೀನ್ ಚಿಕಿತ್ಸೆಯ ಸಂಶೋಧನೆ ನಡೆಯುತ್ತಿತ್ತು, ಈಗಲೂ ನಡೆಯುತ್ತಿದೆ. ಜಹೀರಾಬಾದ್, ನಾರಾಯಣಖೇಡ, ತಾಂಡೂರು ಕಡೆಯ ಮನೆಗಳು ನನ್ನ ಪಾಲಿಗೆ ಬಂದದ್ದು ನನ್ನ ಓದಿನಿಂದಲ್ಲ, ನಾಲಗೆಯಿಂದ. ಕನ್ನಡ, ತೆಲುಗು, ದಖನಿ ಮೂರೂ ನನಗೆ ಮನೆಮಾತು. ಜೊತೆಗೆ, ಯಾರ ದನಿಯನ್ನೇ ಆಗಲಿ ಒಮ್ಮೆ ಕೇಳಿದರೆ ಆಡಿ ತೋರಿಸಬಲ್ಲೆ. ಸಂದರ್ಶನದಲ್ಲಿ ಪ್ರಶ್ನೆ ಕೇಳಿದವರನ್ನೇ ಅನುಕರಿಸಿ ನಗಿಸಿ ಕೆಲಸ ಗಿಟ್ಟಿಸಿಕೊಂಡೆ. ಅವತ್ತು ಅವರು ನಗಬಾರದಿತ್ತು.

ಚಿಕಿತ್ಸೆ ಏನೆಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ರೋಗ ತರುವ ಶಕ್ತಿಯನ್ನು ತೆಗೆದುಹಾಕಿದ ಒಂದು ವೈರಸ್ಸು, ಅದರೊಳಗೆ ಒಂದು ಜೀನು. ತಲೆಬುರುಡೆಗೆ ಸಣ್ಣ ತೂತು ಕೊರೆದು ಅದನ್ನು ಗಡ್ಡೆಯೊಳಗೆ ಬಿಡುತ್ತಾರೆ. ಜೀನು ಗಡ್ಡೆಯ ಕೋಶಗಳನ್ನು ಹೊಕ್ಕು ಕೆಲಸ ಶುರುಮಾಡಿದ ಮೇಲೆ ಇನ್ನೊಂದು ಔಷಧಿ ಕೊಡುತ್ತಾರೆ. ಆಗ ಜೀನು ಹೊಕ್ಕ ಕೋಶಗಳು ಸಾಯಬೇಕು, ಪಕ್ಕದವು ಉಳಿಯಬೇಕು. ಹಾಗೇ ಆಗುತ್ತದೆ ಎಂದು ಹೇಳುವ ಅಧಿಕಾರ ನಮಗಿರಲಿಲ್ಲ. ನಮ್ಮದು ಮೊದಲ ಹಂತ. ಎಷ್ಟು ಕೊಟ್ಟರೆ ಮಗುವಿನ ದೇಹ ತಾಳಿಕೊಳ್ಳುತ್ತದೆ ಎಂದು ನೋಡುವುದಷ್ಟೇ ಅದರ ಗುರಿ. ಮಗು ಉಳಿಯುತ್ತದೆಯೇ ಎಂದು ಕೇಳಲು ಬಂದ ತಂದೆಗೆ ಇದನ್ನು ಹೇಳಬೇಕು. ಕೆಲಸವೆಂದರೆ ಇದೇ.

ಮೊದಲ ವರ್ಷ ಇದನ್ನು ಬಹಳ ಚೆನ್ನಾಗಿ ಹೇಳುತ್ತೇನೆಂಬ ಸೊಕ್ಕು ನನಗಿತ್ತು. ರಾಯಿಕೋಡ್ ಹತ್ತಿರದ ಒಂದು ಮನೆಯಲ್ಲಿ, "ಕುರಿಗೆ ಸೂಜಿ ಹಾಕಸ್ತೀರಿ ಹೌದಲ್ರಿ? ಅದರಾಗೂ ರೋಗದ ಹುಳಾನೇ ಇರ್ತದ, ಆದ್ರ ಹಲ್ಲು ಕಿತ್ತಿರ್ತಾರ. ಇದೂ ಹಂಗ," ಎಂದೆ. ಎಲ್ಲರೂ ತಲೆಯಾಡಿಸಿದರು. ಎಷ್ಟು ಸುಲಭವಾಗಿ ತಿಳಿಸಿದೆ ಎಂದು ಬಸ್ಸಿನುದ್ದಕ್ಕೂ ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಮರುವಾರ ಆ ಮನೆಯವರು ಕಾಯಿಲೆಯ ಹುಡುಗನ ಜೊತೆ ಅವನ ಮೂವರು ತಮ್ಮಂದಿರನ್ನೂ ದೊಡ್ಡಪ್ಪನ ಇಬ್ಬರು ಮಕ್ಕಳನ್ನೂ ಕರೆದುಕೊಂಡು ಆಸ್ಪತ್ರೆಗೆ ಬಂದರು. ಎಲ್ಲರಿಗೂ ತಲೆಗೆಣ್ಣೆ ಹಚ್ಚಿ ಬೈತಲೆ ತೆಗೆದಿದ್ದರು.

"ಬಂದಿದ್ದೇ ಬಂದೀವಿ, ಇವರಿಗೂ ಒಂದೊಂದು ಹಾಕಿಬಿಡ್ರಿ," ಎಂದರು ದೊಡ್ಡಪ್ಪ. "ನಾಳಿಗೆ ಯಾರಿಗೆ ಗಡ್ಡಿ ಆಗ್ತದೋ ಯಾಂವ ಬಲ್ಲ?"

ಐದು ಗಟ್ಟಿಮುಟ್ಟಾದ ಮಕ್ಕಳನ್ನು ವಾಪಸು ಬಸ್ಸು ಹತ್ತಿಸಲು ನನಗೆ ಅರ್ಧ ದಿನ ಹಿಡಿಯಿತು. ಅವರ ತಪ್ಪಿಲ್ಲ. ನಾನು ಲಸಿಕೆ ಎಂದು ಹೇಳಿದ್ದೆ, ಅವರು ಲಸಿಕೆ ಎಂದೇ ಕೇಳಿದ್ದರು.

ತಾಂಡೂರಿನಲ್ಲಿ ಒಬ್ಬ ಅಜ್ಜಿ ಸಿಕ್ಕರು. ನೆಲಕ್ಕೆ ಹಾಸುವ ಫರಸಿಕಲ್ಲಿನ ವ್ಯಾಪಾರದ ಮನೆ. ಮೊಮ್ಮಗನಿಗೆ ಎಂಆರ್‌ಐ ಸ್ಕ್ಯಾನ್ ಆಗಬೇಕು, ಅವನ ಕೊರಳಲ್ಲಿ ಬೆಳ್ಳಿ ಕರಡಿಗೆಯಲ್ಲಿ ಲಿಂಗವಿದೆ. ಲೋಹ ಒಳಗೆ ಹೋಗುವಂತಿಲ್ಲ, ಲಿಂಗ ಮೈಬಿಟ್ಟು ಹೋಗುವಂತಿಲ್ಲ. ಯಂತ್ರದವನು ಕೈಚೆಲ್ಲಿದ. ನಾನು ಮೂರು ಭಾಷೆಯಲ್ಲಿ ಬೇಡಿಕೊಂಡೆ. ಕೊನೆಗೆ ಅಜ್ಜಿಯೇ ಕರಡಿಗೆ ತೆಗೆದು, ಲಿಂಗವನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಹುಡುಗನ ತೋಳಿಗೆ ಕಟ್ಟಿ, "ಈಗ ನಿಂದೇನದ, ಹಚ್ಚಿ ನೋಡು," ಎಂದರು. ಯಂತ್ರದವನು ಕೈಯಲ್ಲಿದ್ದ ಅಯಸ್ಕಾಂತ ಹಚ್ಚಿ ನೋಡಿದ. ಹಿಡಿಯಲಿಲ್ಲ. ಅಜ್ಜಿ ಅದೇ ಅಯಸ್ಕಾಂತ ಕಿತ್ತುಕೊಂಡು ಅವನ ಸೊಂಟದ ಬೆಲ್ಟಿಗೆ ಹಚ್ಚಿದರು. ಟಕ್ಕನೆ ಅಂಟಿತು. "ಮೊದಲ ನೀ ಹೊರಗ ನಡಿ," ಎಂದರು. ಅವತ್ತಿನಿಂದ ಅದೇ ನಮ್ಮ ಪದ್ಧತಿಯಾಯಿತು. ವರದಿಯಲ್ಲಿ ನನ್ನ ಹೆಸರು ಬರೆದುಕೊಂಡೆ, ಅಜ್ಜಿಯದನ್ನು ಬಿಟ್ಟೆ. ಈಗ ಸರಿಪಡಿಸುತ್ತಿದ್ದೇನೆ.

ಇನ್ನು ಮೇಡಂ. ಸಂಶೋಧನೆಯ ಮುಖ್ಯ ವೈದ್ಯೆ, ಮೈಸೂರು ಕಡೆಯವರು. ತೆಳ್ಳಗಿನ ದನಿ. ಪ್ರತಿ ಮಾತಿನ ತುದಿಗೊಂದು "ಅಲ್ವಾ". ಕೆಟ್ಟ ಸುದ್ದಿ ಹೇಳುವ ಮುಂಚೆ ಕನ್ನಡಕ ತೆಗೆದು ಒರೆಸುತ್ತಿದ್ದರು. ಕನ್ನಡಕ ಯಾವಾಗಲೂ ಥಳಥಳ ಹೊಳೆಯುತ್ತಿದ್ದುದರಿಂದ ನಮ್ಮ ಕೆಲಸ ಎಂಥದ್ದೆಂದು ನೀವೇ ತಿಳಿದುಕೊಳ್ಳಬಹುದು. ಅವರ ದನಿ ನನಗೆ ಎರಡನೇ ದಿನಕ್ಕೇ ಸಿಕ್ಕಿತ್ತು. ವಾರ್ಡಿನ ಮಕ್ಕಳಿಗೆ ಅದೇ ಅಚ್ಚುಮೆಚ್ಚು. ಮೇಡಂ ದನಿಯಲ್ಲಿ ನಾನು, "ಅನ್ನ ತಿಂದಿಲ್ಲ ಅಲ್ವಾ, ನಿಮ್ಮಪ್ಪನಿಗೆ ಇಂಜೆಕ್ಷನ್ ಕೊಡ್ತೀನಿ ಅಲ್ವಾ," ಎಂದರೆ ತಟ್ಟೆ ಖಾಲಿಯಾಗುತ್ತಿತ್ತು. ಮೇಡಂಗೆ ಗೊತ್ತಿತ್ತೋ ಇಲ್ಲವೋ, ನಾನು ಕೇಳಲು ಹೋಗಲಿಲ್ಲ.

ಮುಂದಿನದನ್ನು ಬರೆಯುವುದಕ್ಕಾಗಿಯೇ ಇಷ್ಟೆಲ್ಲ ಬರೆದೆ.

ನಾರಾಯಣಖೇಡದ ಆಚೆಯ ಒಂದು ತಾಂಡಾದ ಪಕ್ಕ ಬೀರಪ್ಪನ ಕುರಿಹಟ್ಟಿ. ಕುರಿ ಮೇಯಿಸುವ ಮನೆತನ. ವರ್ಷದಲ್ಲಿ ಅರ್ಧ ನ್ಯಾಲ್ಕಲ್ ಕಡೆಯ ಹೊಲಗಳಲ್ಲಿ ಗೊಬ್ಬರಕ್ಕೆಂದು ಮಂದೆ ಕೂರಿಸುತ್ತಾರೆ. ಬೀರಪ್ಪನ ಮಗಳು ರೇಣುಕಾಗೆ ಒಂಬತ್ತು ವರ್ಷ. ನಡೆಯುವಾಗ ಕಾಲು ಅಡ್ಡ ಬೀಳಲು ಶುರುವಾಯಿತು, ಆಮೇಲೆ ಒಂದು ಕಣ್ಣು ಒಳಕ್ಕೆ ತಿರುಗಿತು. ಮೆದುಳಿನ ಬುಡದಲ್ಲಿ ಗಡ್ಡೆ. ಕತ್ತರಿಸಿ ತೆಗೆಯಲಾಗದ ಜಾಗ. ವಿಕಿರಣ ಕೊಟ್ಟರೆ ಕೆಲವು ತಿಂಗಳು ಹಗುರವಾಗುತ್ತದೆ, ಆಮೇಲೆ ಮತ್ತೆ ಬರುತ್ತದೆ. ಇದನ್ನು ಮೇಡಂ ಕನ್ನಡಕ ಒರೆಸಿಯೇ ಹೇಳಿದರು.

ವಿಕಿರಣದ ಆರು ವಾರ ಬೀರಪ್ಪ ಮಗಳೊಂದಿಗೆ ಊರು ಬಿಟ್ಟು ಆಸ್ಪತ್ರೆಯ ಹತ್ತಿರವೇ ಉಳಿದ. ಹೆಂಡತಿ ನಾಗವ್ವ ಕುರಿ ಬಿಟ್ಟು ಬರುವಂತಿರಲಿಲ್ಲ. ನನಗೂ ರೇಣುಕಾಗೂ ಗೆಳೆತನವಾದದ್ದು ಆಗ. ಅವಳು ನನಗಿಂತ ದೊಡ್ಡ ನಕಲುಗಾರ್ತಿ. ಕುರಿಗಳಲ್ಲೇ ಯಾವುದು ಹೇಗೆ ಒದರುತ್ತದೆ ಎಂದು ಬೇರೆ ಬೇರೆಯಾಗಿ ಮಾಡಿ ತೋರಿಸುತ್ತಿದ್ದಳು.

"ಇದು ಮುದಿ ಟಗರು. ಇದು ಸಣ್ಣ ಮರಿ. ಇದು ನೀ," ಎಂದು ನನ್ನ ನಡಿಗೆಯನ್ನೂ ಮಾಡುತ್ತಿದ್ದಳು, ತಾನು ಎಡವಿ ಬೀಳುವ ತನಕ.

ಅವರು ಊರಿಗೆ ಹೋದ ಮೇಲೆ ವಾರಕ್ಕೊಮ್ಮೆ ಫೋನು ಮಾಡಿ ವಾಂತಿ ಇದೆಯೇ, ತಲೆನೋವು ಇದೆಯೇ ಎಂದು ಕೇಳಿ ಬರೆದುಕೊಳ್ಳುವುದು ನನ್ನ ಕೆಲಸ. ಹಟ್ಟಿಯಲ್ಲಿ ಸಿಗ್ನಲ್ ಸಿಗುವುದಿಲ್ಲ. ಬೀರಪ್ಪ ದಿಬ್ಬ ಹತ್ತಿ, ಸ್ಪೀಕರ್ ಹಾಕಿ ಮಾತಾಡುತ್ತಿದ್ದ. ರೇಣುಕಾ ಅವನ ಹೆಗಲ ಮೇಲೆ. ಒಂದು ದಿನ ಅವಳು ಫೋನು ಕಸಿದುಕೊಂಡು, "ನಿನ್ನ ಕೂಡ ಮಾತಾಡಂಗಿಲ್ಲ. ಮೇಡಂಗೆ ಕೊಡು," ಎಂದಳು.

ಕೊಟ್ಟೆ, ಅಂದರೆ ದನಿ ಬದಲಿಸಿದೆ. "ಹೇಳು ಪುಟ್ಟಾ, ಊಟ ಮಾಡಿದ್ಯಲ್ವಾ?"

"ಮಾಡೀನ್ರಿ. ಮೇಡಂ, ನನಗ ಆರಾಮ ಆಗ್ತದೇನ್ರಿ?"

ಹೊಸಬರಿಗೆ ತರಬೇತಿಯ ಮೊದಲ ದಿನವೇ ಹೇಳುವ ಮಾತೊಂದಿದೆ. ಈ ಪ್ರಶ್ನೆಗೆ ನಮ್ಮಲ್ಲಿ ಯಾರೂ ಹೌದು ಎನ್ನಬಾರದು. ನಾನು ಅನ್ನುತ್ತಲೂ ಇರಲಿಲ್ಲ. ಆದರೆ ಅವತ್ತು ಮಾತಾಡುತ್ತಿದ್ದವರು ಮೇಡಂ ಆಗಿದ್ದರು, ನಾನಲ್ಲ. ನಕಲು ಮಾಡುವವನಿಗೆ ಇದೊಂದು ಅನುಕೂಲ. ಬಾಯಿ ಅವನದು, ಮಾತು ಬೇರೆಯವರದು.

"ಆಗತ್ತೆ ಪುಟ್ಟಾ. ಆ ಹೊಸ ಇಂಜೆಕ್ಷನ್ ತಗೊಂಡ್ರೆ ಖಂಡಿತಾ ಆಗತ್ತೆ ಅಲ್ವಾ."

ಅವಳು ನಕ್ಕಳು. ಫೋನು ಇಟ್ಟಳು. ನಾನು ವಾಂತಿ ಇಲ್ಲ, ತಲೆನೋವು ಕಡಿಮೆ ಎಂದು ಬರೆದುಕೊಂಡು ಚಹಾ ಕುಡಿಯಲು ಹೋದೆ.

ಜೀನ್ ಚಿಕಿತ್ಸೆಗೆ ಆಗ ಸೇರಿಸಿಕೊಳ್ಳುತ್ತಿದ್ದ ಮಕ್ಕಳ ಗುಂಪಿನಲ್ಲಿ ಒಂದೇ ಜಾಗ ಉಳಿದಿತ್ತು. ವಿಕಿರಣ ಮುಗಿದ ಇಷ್ಟು ವಾರದೊಳಗೇ ಸೇರಬೇಕೆಂಬ ಗಡುವು ಬೇರೆ. ಬೀರಪ್ಪ ಹಿಂದೆಲ್ಲ, "ತಲಿ ಕೊರಿಯೂದು ಬ್ಯಾಡ್ರಿ," ಎನ್ನುತ್ತಿದ್ದವನು ಆ ವಾರ ತಾನಾಗಿಯೇ ಫೋನು ಮಾಡಿ, ಬರುತ್ತೇವೆ ಎಂದ. ನನಗೆ ಖುಷಿಯಾಯಿತು. ಮನಸ್ಸು ಯಾಕೆ ಬದಲಾಯಿತು ಎಂದು ಕೇಳಬೇಕಿತ್ತು. ಕೇಳಲಿಲ್ಲ.

ನಾನು ಸೇರಿದಾಗ ಒಪ್ಪಿಗೆ ಎಂದರೆ ಕಾಗದ, ಹೆಬ್ಬೆಟ್ಟು, ಸಾಕ್ಷಿ. ಈಗ ಇಡೀ ಮಾತುಕತೆಯನ್ನು ಕ್ಯಾಮೆರಾದಲ್ಲಿ ಹಿಡಿಯಬೇಕು. ಏಳು ವರ್ಷ ದಾಟಿದ ಮಗುವನ್ನೂ ಕೂರಿಸಿಕೊಂಡು ಅದರ ಒಪ್ಪಿಗೆಯನ್ನೂ ಕೇಳಬೇಕು. ಸಣ್ಣ ಕೋಣೆ. ಮೇಜಿನಾಚೆ ಮೇಡಂ, ಈಚೆ ಬೀರಪ್ಪ, ಅವನಿಗೆ ಒರಗಿ ರೇಣುಕಾ. ಸಾಕ್ಷಿಗೆ ಆಸ್ಪತ್ರೆಯ ಹೊರಗಿನ ಒಬ್ಬ ಶಾಲಾ ಮಾಸ್ತರು. ಕ್ಯಾಮೆರಾದ ಪಕ್ಕ ನಾನು.

ಮೇಡಂ ಎಲ್ಲವನ್ನೂ ನಿಧಾನವಾಗಿ ಹೇಳಿ ಮುಗಿಸಿ, "ಬೀರಪ್ಪ, ಈಗ ನಿಮಗೆ ಏನು ಅರ್ಥ ಆಯ್ತು, ನಿಮ್ಮ ಮಾತಲ್ಲಿ ಹೇಳಿ," ಎಂದರು.

ಬೀರಪ್ಪ ರುಮಾಲು ಸರಿಮಾಡಿಕೊಂಡ. "ಅರ್ಥ ಆಗೂದೇನದ್ರಿ. ನೀವಾ ಹೇಳೀರಲ್ರಿ ಫೋನ್‌ದಾಗ. ಈ ಇಂಜೆಕ್ಷನ್ ತಗೊಂಡ್ರ ಖಂಡಿತ ಆರಾಮ ಆಗ್ತದಂತ. ನನ್ನ ಕಿವಿಲೇ ಕೇಳೀನಿ."

"ನಾನಾ?" ಎಂದರು ಮೇಡಂ.

"ಹೌದ್ರಿ. ದಿಬ್ಬದ ಮ್ಯಾಲ ನಿಂತಿದ್ದೆ. ನೀವು ಹೇಳಿದ್ರಿ ಅಂತನೇ ಬಂದೀನ್ರಿ. ಇಲ್ಲಂದ್ರ ಮಗಳ ತಲಿ ಕೊರಸ್ತಿದ್ದೆನೇನು?"

ಮೇಡಂ ನನ್ನ ಕಡೆ ನೋಡಿದರು. ನನ್ನ ಕೈ ಕ್ಯಾಮೆರಾ ನಿಲ್ಲಿಸುವ ಗುಂಡಿಯ ಮೇಲೆ ಹೋಗಿತ್ತು.

"ನಿಲ್ಲಿಸಬೇಡ," ಎಂದರು. "ಅವರಿಗೆ ಹೇಳು."

ಹತ್ತು ವರ್ಷದಲ್ಲಿ ಎಷ್ಟೋ ಜನರ ದನಿ ಮಾಡಿದ್ದೇನೆ. ಆ ಕೋಣೆಯಲ್ಲಿ ನನ್ನದೇ ದನಿ ನನಗೆ ಗುರುತು ಸಿಗಲಿಲ್ಲ. "ಅಣ್ಣಾ, ಅದು ಮೇಡಂ ಅಲ್ರಿ. ನಾ ಇದ್ದೆ. ನಗಸಾಕ ಅಂತ ಮಾಡಿದೆ. ಮೇಡಂ ಯಾವತ್ತೂ ಹಂಗ ಅಂದಿಲ್ರಿ."

ಬೀರಪ್ಪ ಬೈಯುತ್ತಾನೆ ಎಂದುಕೊಂಡೆ. ಅವನು ಮೇಡಂ ಮುಖ ನೋಡಿದ, ಮಾಸ್ತರ ಮುಖ ನೋಡಿದ, ನನ್ನನ್ನು ಮಾತ್ರ ನೋಡಲಿಲ್ಲ.

"ನನಗ ಗೊತ್ತಿತ್ತು," ಎಂದಳು ರೇಣುಕಾ.

"ಏನು ಗೊತ್ತಿತ್ತು?"

"ಅದು ಇಂವನ ಅಂತ. ಮೇಡಂ ಮೂಗಿಲೆ ಮಾತಾಡ್ತಾರ. ಇಂವ ಗಂಟಲಿಲೆ ಮಾತಾಡ್ತಾನ."

"ಮತ್ತ ನನಗ ಯಾಕ ಹೇಳಲಿಲ್ಲವ್ವಾ?"

"ನೀ ಅವತ್ತು ಎರಡು ರೊಟ್ಟಿ ಜಾಸ್ತಿ ತಿಂದಿ," ಎಂದಳು.

ಮಾಸ್ತರು ಕಿಟಕಿಯ ಕಡೆ ತಿರುಗಿದರು. ಮೇಡಂ ಕನ್ನಡಕ ತೆಗೆಯಲಿಲ್ಲ, ಒರೆಸಲಿಲ್ಲ. ಮುಂದಕ್ಕೆ ಬಾಗಿ, "ರೇಣುಕಾ, ಈಗ ನಿನ್ನನ್ನ ಕೇಳ್ತೀನಿ. ನಿನಗೆ ಏನು ಕೇಳಬೇಕೋ ಕೇಳು. ಇವನು ನಿಮ್ಮ ಮಾತಲ್ಲೇ ಹೇಳ್ತಾನೆ. ನಿಜ ಹೇಳ್ತಾನೆ," ಎಂದರು.

ರೇಣುಕಾ ನನ್ನತ್ತ ತಿರುಗಿದಳು. ಒಂದು ಕಣ್ಣು ನನ್ನ ಮೇಲೆ, ಇನ್ನೊಂದು ಮೂಗಿನ ಕಡೆಗೆ. "ತಲಿಗೆ ತೂತು ಹಾಕ್ತಾರ?"

"ಹಾಕ್ತಾರ. ಸಣ್ಣದು. ಆಗ ನಿನಗ ನಿದ್ದಿ ಬರಸಿರ್ತಾರ."

"ಎಷ್ಟು ದಿನ ಇಲ್ಲಿ ಇರಬೇಕು?"

"ಮೂರು ವಾರ. ಆಮ್ಯಾಲ ಮತ್ತ ಮತ್ತ ಬರಬೇಕು."

"ಅವ್ವ ಬರ್ತಾಳೇನು?"

ಬೀರಪ್ಪ ನೆಲ ನೋಡಿದ. "ಕುರಿ ಯಾರು ನೋಡ್ಕೋತಾರವ್ವಾ," ಎಂದ.

"ಆರಾಮ ಆಗ್ತದ?"

"ಗೊತ್ತಿಲ್ಲ," ಎಂದೆ.

"ಮೇಡಂಗೆ?"

"ಅವರಿಗೂ ಗೊತ್ತಿಲ್ಲ."

ಅವಳು ಸ್ವಲ್ಪ ಹೊತ್ತು ಮೇಜಿನ ಮೇಲಿದ್ದ ಶಾಯಿ ಡಬ್ಬಿಯನ್ನು ಬೆರಳಿನಿಂದ ತಿರುಗಿಸಿದಳು. "ಹಂಗಾದ್ರ ಬ್ಯಾಡ. ನಾ ಅವ್ವನ ಕಡಿ ಹೋಗ್ತೀನಿ."

ಮಗು ಬೇಡವೆಂದರೆ ಬೇಡ. ನಿಯಮ ಹಾಗಿದೆ. ಆದರೂ ಮೇಡಂ ಬೀರಪ್ಪನಿಗೆ ಎರಡು ದಿನ ಸಮಯ ಕೊಟ್ಟರು, ಬೇರೆ ವೈದ್ಯರಿಂದ ಎಲ್ಲವನ್ನೂ ಮತ್ತೆ ಹೇಳಿಸಿದರು, ಅವಳನ್ನೂ ಮತ್ತೆ ಕೇಳಿಸಿದರು. ಅದೇ ಉತ್ತರ ಬಂತು. ಅಪ್ಪ ಮಗಳು ನಾರಾಯಣಖೇಡದ ಬಸ್ಸು ಹತ್ತಿದರು. ಆ ಜಾಗಕ್ಕೆ ಬೇರೆ ಮಗು ಸೇರಿತು.

ನನ್ನ ಮೇಲೆ ಮೇಡಂ ತಾವೇ ನೈತಿಕ ಸಮಿತಿಗೆ ಬರೆದುಕೊಟ್ಟರು. ಆರು ತಿಂಗಳು ಒಪ್ಪಿಗೆಯ ಕೋಣೆಗೆ ನಾನು ಕಾಲಿಡುವಂತಿರಲಿಲ್ಲ. ಪತ್ರ ಕೊಡುವಾಗ ಒಂದೇ ಮಾತು ಹೇಳಿದರು. "ನನ್ನ ದನಿ ಚೆನ್ನಾಗಿ ಮಾಡ್ತೀಯಂತೆ. ಖಂಡಿತಾ ಅನ್ನೋ ಪದ ನಾನು ಈ ಕೆಲಸಕ್ಕೆ ಬಂದ ಮೇಲೆ ಒಂದು ಸಲವೂ ಆಡಿಲ್ಲ. ಆಡಬೇಕು ಅಂತ ದಿನಾ ಅನ್ನಿಸತ್ತೆ." ಕೂಗಾಡಿದ್ದರೆ ಚೆನ್ನಾಗಿತ್ತು. ಕೂಗಾಟವನ್ನು ನಕಲು ಮಾಡಿಕೊಂಡು ಬದುಕಬಹುದಿತ್ತು.

ಈಗ ಹೊಸಬರು ಗೊಣಗುವ ನಿಯಮವೊಂದಿದೆಯಲ್ಲ, ಸಹಿಗೆ ಮುಂಚೆ ಮನೆಯವರನ್ನು ಕೂರಿಸಿ, ನಿಮಗೆ ಇಲ್ಲಿಯವರೆಗೆ ಯಾರು ಯಾರು ಏನೇನು ಹೇಳಿದ್ದಾರೆ ಎಂದು ಕೇಳಿ ಬರೆದುಕೊಳ್ಳುವುದು? ಅದು ನನ್ನಿಂದ ಬಂದದ್ದು. ಬೈಯುವುದಿದ್ದರೆ ನನಗೇ ಬೈಯಿರಿ.

ರೇಣುಕಾ ಆಮೇಲೆ ನಾಲ್ಕು ತಿಂಗಳು ಇದ್ದಳು. ಮೊದಲೆರಡು ಚೆನ್ನಾಗಿದ್ದವು. ಚಿಕಿತ್ಸೆ ಪಡೆದಿದ್ದರೆ ಹೆಚ್ಚು ಇರುತ್ತಿದ್ದಳೇ? ಈ ಪ್ರಶ್ನೆಯನ್ನು ಎಲ್ಲರೂ ಕೇಳುತ್ತಾರೆ. ಸೇರಿದ ಮಕ್ಕಳಲ್ಲಿ ಕೆಲವರು ಬೇಗ ಹೋದರು, ತಾಂಡೂರಿನ ಆ ಲಿಂಗದ ಹುಡುಗ ಇಂದಿಗೂ ಶಾಲೆಗೆ ಹೋಗುತ್ತಿದ್ದಾನೆ. ಯಾಕೆಂದು ಹೇಳಬಲ್ಲವರು ಸದ್ಯಕ್ಕೆ ಯಾರೂ ಇಲ್ಲ. ಅದಕ್ಕೇ ಇದಕ್ಕೆ ಸಂಶೋಧನೆ ಎಂದು ಹೆಸರು.

ಅವಳು ಹೋದ ಎರಡು ತಿಂಗಳಿಗೆ ಬೀರಪ್ಪನ ಫೋನು ಬಂತು. ಕೋಣೆಯಲ್ಲಿ ನನ್ನ ಮುಖ ನೋಡದವನು ಈಗ ನನ್ನನ್ನೇ ಹುಡುಕಿಕೊಂಡಿದ್ದ.

"ಸಾಬ್, ಅವತ್ತು ಕ್ಯಾಮೆರಾದಾಗ ಹಿಡದ್ರಲ್ಲ, ಅದು ಅದ ಏನ್ರಿ?"

"ಅದ ಅಣ್ಣಾ. ಯಾಕ್ರಿ?"

"ನಮ್ಮ ಮಂದಿ ಎಲ್ಲಾ ಅನ್ನಾಕತ್ಯಾರ. ದವಾಖಾನಿಯವರು ಮಾಡತೀವಿ ಅಂತ ನಿಂತಿದ್ರು, ಇಂವ ಹೆದರಿ ಮಗಳಿಗೆ ವಾಪಸ್ ಕರಕೊಂಡು ಬಂದ ಅಂತ. ಮಂದಿ ಅನ್ಲಿ ಬಿಡ್ರಿ. ಮನ್ಯಾಗೂ ಹಂಗೇ ಆಗ್ಯಾದ. ನಾಗವ್ವ ನನ್ನ ಕೂಡ ಮಾತು ಬಿಟ್ಟಾಳ. ತಾಟು ಇಟ್ಟು ಹೊರಗ ಹೋಗ್ತಾಳ. ಆಕಿನೇ ಬ್ಯಾಡ ಅಂದಳು ಅಂತ ಹೇಳಿದ್ರ, ಒಂಬತ್ತು ವರ್ಷದ ಕೂಸು ಹಂಗ ಅಂತದೇನು, ಸುಳ್ಳು ಹೇಳಬ್ಯಾಡ ಅಂತಾಳ. ಅದೊಂದು ಜರಾ ತೋರಸ್ರಿ. ಮತ್ತೇನೂ ಕೇಳಂಗಿಲ್ಲ."

ಒಪ್ಪಿಗೆಯ ವಿಡಿಯೊ ಬೀಗ ಹಾಕಿದ ಕಡತ. ಸೇರದೇ ಹೋದ ಮಗುವಿನದಾದರೂ ಅಷ್ಟೇ. ಹೊರಗೆ ಹೋಗುವಂತಿಲ್ಲ. ನಾನು ಮೇಡಂ ಬಳಿ ಹೋದೆ. ಅವರು ಸಮಿತಿಗೆ ಬರೆದರು. ಸಮಿತಿ ಪ್ರಶ್ನೆ ಕೇಳಿತು, ಉತ್ತರ ಹೋಯಿತು, ಮತ್ತೆ ಪ್ರಶ್ನೆ ಬಂತು. ಹೀಗೇ ಏಳು ವಾರ. ಅಷ್ಟರಲ್ಲಿ ನನ್ನ ರಾಜೀನಾಮೆ ಪತ್ರವೂ ತಯಾರಾಗಿತ್ತು. ಕೊನೆಗೆ ತಂದೆ ತಾಯಿಗೆ ಮಾತ್ರ ತೋರಿಸಬಹುದು ಎಂದು ಅನುಮತಿ ಬಂತು. ನನ್ನ ಕೊನೆಯ ಕೆಲಸ ಅದು.

ನ್ಯಾಲ್ಕಲ್ ದಾಟಿ, ತೊಗರಿ ಕೊಯ್ದ ಹೊಲವೊಂದರಲ್ಲಿ ಮಂದೆ ಕೂತಿತ್ತು. ಜೀಪಿನಿಂದಿಳಿದು ಕೂಳೆ ಚುಚ್ಚಿಸಿಕೊಂಡು ನಡೆದೆ. ನಾಗವ್ವನನ್ನು ನಾನು ನೋಡಿದ್ದು ಅದೇ ಮೊದಲು. ಆಕೆ ಕೈಯಲ್ಲಿದ್ದ ಕೆಲಸ ಬಿಡದೆ, "ದವಾಖಾನಿಯವ್ರೇನು? ಅಲ್ಲೇ ಇಡ್ರಿ ಏನು ತಂದೀರಿ," ಎಂದಳು. ಇಡುವಂಥದ್ದಲ್ಲ, ನೋಡುವಂಥದ್ದು ಎಂದೆ. ಟ್ಯಾಬನ್ನು ಕಂಬಳಿಗೆ ಆನಿಸಿ ವಿಡಿಯೊ ಹಚ್ಚಿದೆ. ಬೀರಪ್ಪ ದೂರ, ಕುರಿ ಕೂಡುವ ಬಲೆಯ ಗೂಟದ ಹತ್ತಿರ ಬೆನ್ನು ಮಾಡಿ ನಿಂತಿದ್ದ.

ಮೇಡಂ ಮಾತು ಬಂತು. ಬೀರಪ್ಪನ ಮಾತು, ನನ್ನ ತಪ್ಪೊಪ್ಪಿಗೆ. ನಾಗವ್ವ ತಲೆಯೆತ್ತಿ ನನ್ನನ್ನು ಒಮ್ಮೆ ನೋಡಿದಳು. ನೋಡಿಸಿಕೊಂಡೆ. ಆಮೇಲೆ ರೇಣುಕಾ. ಎರಡು ರೊಟ್ಟಿ. ತೂತು. ಮೂರು ವಾರ. ಅವ್ವ ಬರ್ತಾಳೇನು? ಗೊತ್ತಿಲ್ಲ. ಹಂಗಾದ್ರ ಬ್ಯಾಡ, ನಾ ಅವ್ವನ ಕಡಿ ಹೋಗ್ತೀನಿ.

ಮುಗಿಯಿತು. ನಾಗವ್ವ ಪರದೆಯತ್ತ ಬೆರಳು ಮಾಡಿದಳು.

"ಹಿಂಗ ಅನ್ನು ಅಂತ ಯಾರರ ಹೇಳಿಕೊಟ್ಟಿದ್ರೇನು?"

"ಯಾರೂ ಇಲ್ಲವ್ವಾ."

"ಮತ್ತೊಮ್ಮಿ ಹಚ್ಚು."

ಹಚ್ಚಿದೆ. ಮೂರನೇ ಸಲ ಹಚ್ಚುವಾಗ ಆಕೆ ಮೊದಲಿನದನ್ನೆಲ್ಲ ಬಿಡಿಸಿದಳು, ಬರೀ ಶಾಯಿ ಡಬ್ಬಿ ತಿರುಗಿಸುವಲ್ಲಿಂದ. ಆಮೇಲೆ ಸೆರಗಿನಿಂದ ಪರದೆಯ ಮೇಲಿನ ಧೂಳು ಒರೆಸಿ, ಎದ್ದು ಒಲೆಯ ಕಡೆ ಹೋದಳು. ಬುಟ್ಟಿಯಿಂದ ಜೋಳದ ರೊಟ್ಟಿ ತೆಗೆದು ಒಂದು ತಾಟಿಗೆ ಹಾಕಿ ನನ್ನ ಮುಂದಿಟ್ಟಳು. ಇನ್ನೊಂದು ತಾಟು ತೆಗೆದು ಪಕ್ಕದಲ್ಲಿಟ್ಟಳು. ತಾನೂ ಅಲ್ಲೇ ಕೂತಳು.

"ಅವರಿಗೂ ಉಣ್ಣಾಕ ಬರ್ರಿ ಅನ್ರಿ," ಎಂದಳು, ಬೀರಪ್ಪನ ಬೆನ್ನಿಗೆ ಕೇಳುವಷ್ಟು ಜೋರಾಗಿ.

ನಾನು ಅನ್ನಲಿಲ್ಲ. ಅವನು ಆಗಲೇ ತಿರುಗಿದ್ದ.